ಚೌಡಮ್ಮ, ಮೈಲುತುತ್ತ, ನನ್ನ ಎಂಎಸ್ಸಿ

ಮೇ ಕೊನೆಯ ವಾರ ಊರಿಗೆ ಹೋಗಿದ್ದೆ. ಊರು ಅಂದರೆ ತೀರ್ಥಹಳ್ಳಿಯಿಂದ ಇನ್ನೂ ಒಳಗೆ. ನಾನು ಓದುವಾಗ ಬಸ್ಸಿಳಿದು ಎರಡು ಮೈಲಿ ನಡೆಯಬೇಕಿತ್ತು, ಈಗ ಮನೆ ಬಾಗಿಲಿಗೇ ರಸ್ತೆ ಬಂದಿದೆ. ನಮ್ಮದು ಎರಡೆಕರೆ ಅಡಿಕೆ ತೋಟ. ಮಳೆ ಹಿಡಿಯುವುದರೊಳಗೆ ಕೊಳೆರೋಗಕ್ಕೆ, ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಯಿಸುವ ರೋಗಕ್ಕೆ, ಮೊದಲ ಸಲದ ಮದ್ದು ಹೊಡೆದು ಮುಗಿಸಬೇಕು ಅಂತ ಅಣ್ಣ ಗಡಿಬಿಡಿಯಲ್ಲಿದ್ದ. ಮರ ಹತ್ತುವವರು ಸಿಗುವುದೇ ಕಷ್ಟ, ಸಿಕ್ಕ ದಿನವನ್ನು ಬಿಡುವ ಹಾಗಿಲ್ಲ. ಬೆಳಗ್ಗೆ ಏಳಕ್ಕೇ ಒಂದು ಡ್ರಮ್ಮಿನಲ್ಲಿ ಸುಣ್ಣ ಕಲಸಿ ಆಗಿತ್ತು, ಇನ್ನೊಂದರಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟು, ಕರಗುತ್ತಿತ್ತು. ಅಮ್ಮ ತೋಟದ ತಲೆಯಲ್ಲಿರುವ ಚೌಡಿ ಕಲ್ಲಿಗೆ ನೀರು ಹೊಯ್ದು, ಕುಂಕುಮ ಇಟ್ಟು, ಕಾಯಿ ಒಡೆದು, ಎಲ್ಲರೂ ಕೈ ಮುಗೀರಿ ಅಂದಳು. ಮುಗಿದೆವು.

ಆಗ ಅಣ್ಣನ ಮಗ, ಏಳನೇ ಕ್ಲಾಸು ಮುಗಿಸಿ ಬೇಸಿಗೆ ರಜೆಯಲ್ಲಿ ಮನೆಯವರ ತಲೆ ತಿನ್ನುತ್ತಿರುವವನು, ಎಲ್ಲರಿಗೂ ಕೇಳುವ ಹಾಗೆ ಅಂದ: "ಅತ್ತೆ, ನೀನು ಕೈ ಮುಗಿದೆ, ಆದ್ರೆ ಕಣ್ಣು ಮುಚ್ಚಲಿಲ್ಲ. ನೀನು ದೇವ್ರನ್ನ ನಂಬ್ತೀಯನಾ, ಇಲ್ಲನಾ?"

ಮರ ಹತ್ತಲು ಬಂದವರು ನಕ್ಕರು. ಅಣ್ಣ ಡ್ರಮ್ಮಿನ ಒಳಗೆ ಏನೋ ಬಿದ್ದಿದೆ ಅನ್ನುವ ಹಾಗೆ ಬಗ್ಗಿ ನೋಡಿದ. "ನೀನು ಕಣ್ಣು ಬಿಟ್ಟಿದ್ದಕ್ಕೇ ಅಲ್ವಾ ನಿಂಗೆ ಕಂಡಿದ್ದು" ಅಂತ ಹೇಳಿ ತಪ್ಪಿಸಿಕೊಂಡೆ.

ತಪ್ಪಿಸಿಕೊಳ್ಳುವುದು ನನಗೆ ಅಭ್ಯಾಸ ಆಗಿಹೋಗಿದೆ. ಶಿವಮೊಗ್ಗದ ಒಂದು ಡಿಗ್ರಿ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ವರ್ಷಕ್ಕೆ ಒಬ್ಬರಾದರೂ ಹುಡುಗರು ಇದೇ ಪ್ರಶ್ನೆ ಕೇಳುತ್ತಾರೆ. ಮೇಡಂ, ಇಷ್ಟೆಲ್ಲ ಓದಿದ ಮೇಲೂ ನೀವು ದೇವಸ್ಥಾನಕ್ಕೆ ಹೋಗ್ತೀರಾ ಅಂತ. ಇಲ್ಲದಿದ್ದರೆ ಇದರ ಉಲ್ಟಾ. ಹೌದು ಅಂದರೂ ಸುಳ್ಳಾಗುತ್ತದೆ, ಇಲ್ಲ ಅಂದರೂ ಸುಳ್ಳಾಗುತ್ತದೆ, ಅದಕ್ಕೆ ಸಿಲೆಬಸ್ ಮುಗಿಸಬೇಕು ಅಂತ ಹೇಳಿ ಬೋರ್ಡಿನ ಕಡೆ ತಿರುಗುತ್ತೇನೆ. ಇಲ್ಲಿ ತಿರುಗಲು ಬೋರ್ಡಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಕಡೆ ದೇವರು ಅಂದರೆ ಗೋಪುರದ ಒಳಗಿರುವವನು ಮಾತ್ರ ಅಲ್ಲ. ತೋಟದ ತಲೆಯಲ್ಲಿ ಚೌಡಿ, ಗದ್ದೆ ದಾಟಿದರೆ ಭೂತನ ಕಲ್ಲು, ಕೆರೆ ಏರಿ ಕೆಳಗೆ ನಾಗರ ಬನ. ಭೂಮಿ ಹುಣ್ಣಿಮೆ ದಿನ ಗದ್ದೆಯೇ ಬಸುರಿ, ಅವಳಿಗೆ ಬಯಕೆ ಊಟ ಬಡಿಸಿ ಬರಬೇಕು. ನಂಬು ಅಂತ ಯಾರೂ ನಮಗೆ ಹೇಳಿಕೊಟ್ಟಿದ್ದಿಲ್ಲ. ಮಳೆಯನ್ನು ಯಾರಾದರೂ ನಂಬುತ್ತಾರಾ? ಕಂಬಳಿ ಕೊಪ್ಪೆ ಹಾಕಿಕೊಂಡು ಹೊರಡುತ್ತಾರೆ, ಅಷ್ಟೇ. ಚೌಡಿ ವಿಷಯವೂ ಹಾಗೇ ಇತ್ತು. ಪಕ್ಕದ ತೋಟದ ಬೇಲಿಗೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಅನ್ನುವ ಬೋರ್ಡು ನೇತಾಡುತ್ತದೆ. ನಮ್ಮ ಜಿಲ್ಲೆಯಲ್ಲಿ ಓಡಾಡಿದವರಿಗೆ ಈ ಬೋರ್ಡು ಗೊತ್ತಿರುತ್ತದೆ. ಕಳ್ಳ ಬೀಗಕ್ಕೆ ಹೆದರದಿದ್ದರೂ ಅದಕ್ಕೆ ಹೆದರುತ್ತಾನೆ ಅಂತ ಲೆಕ್ಕ. ಈಗ ಅದೇ ಬೋರ್ಡಿನ ಮೇಲೆ ಒಂದು ಸಿಸಿಟಿವಿ ಕ್ಯಾಮೆರಾವೂ ಕೂತಿದೆ, ಯಾರು ಯಾರನ್ನು ಕಾಯುತ್ತಿದ್ದಾರೋ ಗೊತ್ತಿಲ್ಲ.

ಅಪ್ಪಯ್ಯ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಮದ್ದು ಕಲಸುವಾಗ ಅವರನ್ನು ನೋಡಬೇಕಿತ್ತು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಇದು ಎಲ್ಲರಿಗೂ ಬಾಯಿಪಾಠ. ಸುಣ್ಣದ ನೀರಿಗೆ ಮೈಲುತುತ್ತದ ನೀರು ಹೊಯ್ಯಬೇಕು, ಉಲ್ಟಾ ಮಾಡಬಾರದು. ಎಲ್ಲ ಆದಮೇಲೆ ಮಸೆದು ಫಳಫಳ ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದು ಮೇಲೆ ಎತ್ತುತ್ತಿದ್ದರು. ಕತ್ತಿ ಮೇಲೆ ಕೆಂಪಗೆ ತಾಮ್ರ ಕೂತಿದೆ ಅಂದರೆ ಮದ್ದಿನಲ್ಲಿ ಹುಳಿ ಜಾಸ್ತಿ, ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ, ಇನ್ನಷ್ಟು ಸುಣ್ಣ ಬೇಕು. ಕೂರದಿದ್ದರೆ ಸರಿ. ಸುಣ್ಣ ಫಸ್ಟ್ ಕ್ಲಾಸ್ ಇದೆ ಅಂತ ಅಂಗಡಿಯವನು ಧರ್ಮಸ್ಥಳದ ಮೇಲೆ ಆಣೆ ಮಾಡಿದರೂ ಅಪ್ಪಯ್ಯ ಕತ್ತಿ ಅದ್ದದೆ ಬಿಡುತ್ತಿರಲಿಲ್ಲ. ಮುಂದೆ ಪಿಯುಸಿ ಕೆಮಿಸ್ಟ್ರಿಯಲ್ಲಿ ಕಬ್ಬಿಣ ಬಂದು ತಾಮ್ರವನ್ನು ಅದರ ಜಾಗದಿಂದ ಹೊರಗೆ ಹಾಕುವ ಪಾಠ ಬಂದಾಗ, ಅಯ್ಯೋ ಇದು ಅಪ್ಪಯ್ಯನ ಕತ್ತಿ ಅಲ್ವಾ ಅಂದುಕೊಂಡೆ.

ಈ ಮದ್ದಿನ ಹುಟ್ಟೂ ಒಂದು ತಮಾಷೆ. ಫ್ರಾನ್ಸಿನ ಬೋರ್ಡೋ ಕಡೆ ದ್ರಾಕ್ಷಿ ಬೆಳೆಯುವವರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರಂತೆ. ರೋಗಕ್ಕಲ್ಲ, ಕಳ್ಳರಿಗೆ. ದಾರಿಯಲ್ಲಿ ಹೋಗುವವರು ಆ ನೀಲಿ ಬಣ್ಣ ಕಂಡು ವಿಷ ಅಂತ ಹೆದರಿ ಹಣ್ಣು ಕೀಳದಿರಲಿ ಅಂತ. ಮಿಲಾರ್ಡೆ ಅನ್ನುವ ಸಸ್ಯಶಾಸ್ತ್ರದ ಪ್ರೊಫೆಸರ್ ಆ ದಾರಿಯಲ್ಲಿ ಹೋಗುವಾಗ, ತೋಟವೆಲ್ಲ ರೋಗ ಬಿದ್ದು ಒಣಗಿದ್ದರೂ ರಸ್ತೆ ಬದಿಯ ಬಳ್ಳಿಗಳು ಮಾತ್ರ ಎಲೆ ಹೊತ್ತುಕೊಂಡು ನಿಂತಿರುವುದನ್ನು ಕಂಡರು. ಯಾಕೆ ಅಂತ ವಿಚಾರಿಸಿದರು, ಪ್ರಯೋಗ ಮಾಡಿದರು, 1885ರಲ್ಲಿ ಇದು ಮದ್ದು ಅಂತ ಜಗತ್ತಿಗೆ ಹೇಳಿದರು. ಅಲ್ಲಿಂದ ಸುಮಾರು 25 ವರ್ಷಕ್ಕೆ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ಕೊಳೆರೋಗಕ್ಕೆ ಹೊಡೆಸಿ ನೋಡಿದರು. ಅಂದರೆ ಅದು ಮೊದಲಿಗೆ ಅವರ ಕಡೆಯ ಸಿಗಂದೂರು ಬೋರ್ಡೇ. ಒಬ್ಬರು ನಿಂತು ನೋಡಿದ್ದರಿಂದ ಮದ್ದಾಯಿತು.

ಹಾಗಂತ ನಿಂತು ನೋಡುವವರು ನಮ್ಮಲ್ಲಿ ಇರಲಿಲ್ಲ ಅಂತ ಅಲ್ಲ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡೀತಿದಾನೆ ಅನ್ನುವ ಸುದ್ದಿ ದೇಶವೆಲ್ಲ ಹಬ್ಬಿತಲ್ಲ, ಸಂಜೆಯ ಬಸ್ಸಿನ ಕಂಡಕ್ಟರ್ ಬಾಯಲ್ಲಿ ಅದು ನಮ್ಮೂರಿಗೂ ಬಂತು. ನನಗೆ ಆಗ ಹನ್ನೊಂದು ವರ್ಷ. ರಾತ್ರಿ ನಮ್ಮ ಮನೆ ಗಣಪತಿಯೂ ಕುಡಿದ. ಮಾರನೇ ದಿನ ಶಾಲೆಯಲ್ಲಿ ನಮ್ಮ ಮೇಷ್ಟ್ರು ಟೀಗೆ ತಂದಿದ್ದ ಹಾಲನ್ನು ಚಮಚದ ತುಂಬ ತೆಗೆದುಕೊಂಡು, ತಮ್ಮ ಸೈಕಲ್ಲಿನ ಹ್ಯಾಂಡಲ್ಲಿಗೆ ತಾಗಿಸಿ ಹಿಡಿದರು. ಸೈಕಲ್ಲೂ ಕುಡಿಯಿತು! ಹಾಲು ತೆಳ್ಳಗೆ ಎಳೆಯಾಗಿ ಹ್ಯಾಂಡಲ್ ಗುಂಟ ಇಳಿದು ಹೋಗುವುದನ್ನು ನಾವೆಲ್ಲ ಬಗ್ಗಿ ನೋಡಿದೆವು. ದೆಹಲಿಯಲ್ಲಿ ವಿಜ್ಞಾನಿಗಳು ಹಾಲಿಗೆ ಬಣ್ಣ ಹಾಕಿ ತೋರಿಸಿದ್ದೂ ಇದನ್ನೇ. ಹಾಲಿನ ಮೇಲ್ಮೈ ಎಳೆತ ಅದನ್ನು ಚಮಚದಿಂದ ಎಳೆದುಕೊಳ್ಳುತ್ತದೆ, ಆಮೇಲೆ ಅದು ಮೂರ್ತಿ ಮೇಲೆ ಜಾರಿ ಇಳಿಯುತ್ತದೆ ಅಂತ. ಆದರೆ ನನಗೆ ನೆನಪಿರುವುದು ಮೇಷ್ಟ್ರು ಚಮಚ ತೊಳೆಯುತ್ತಾ ಹೇಳಿದ ಮಾತು: "ಮನೇಲಿ ಹೇಳ್ಬೇಡಿ ಮಕ್ಳೇ. ನಾನು ಈ ಊರಲ್ಲಿ ಬಾಡಿಗೆಗೆ ಇರೋನು."

ಬಿಎಸ್ಸಿಗೆ ಶಿವಮೊಗ್ಗಕ್ಕೆ ಬಂದೆ. ಕಾಲೇಜು ಓದು ತಲೆ ತಿರುಗಿಸುತ್ತದೆ ಅಂತ ನಮ್ಮ ನೆಂಟರು ಹೇಳುತ್ತಿದ್ದರು, ನಿಜ, ಆದರೆ ತಿರುಗಿದ್ದು ಕ್ಲಾಸಿನಲ್ಲಲ್ಲ, ಹಾಸ್ಟೆಲಿನಲ್ಲಿ. ಒಂದು ರೂಮಿನಲ್ಲಿ ನಾಲ್ಕು ಜನ. ಒಬ್ಬಳು ಶಿಕಾರಿಪುರದವಳು, ಲಿಂಗ ಕಟ್ಟಿಕೊಂಡು ಬೆಳಗ್ಗೆ ಪೂಜೆ ಮಾಡದೆ ತಿಂಡಿ ತಿನ್ನುತ್ತಿರಲಿಲ್ಲ. ಒಬ್ಬಳು ಭದ್ರಾವತಿಯ ಸಾಬರ ಹುಡುಗಿ, ರಂಜಾನ್ ತಿಂಗಳಲ್ಲಿ ನಾಲ್ಕು ಗಂಟೆಗೆ ಅಲಾರಂ ಇಡುತ್ತಿದ್ದಳು, ಅವಳು ಏಳದಿದ್ದರೆ ನಾವು ಬೈದು ಎಬ್ಬಿಸುತ್ತಿದ್ದೆವು. ಎಲ್ಲರ ದೇವರೂ ಪರೀಕ್ಷೆ ಹಿಂದಿನ ದಿನ ಒಂದೇ ಥರ ಕೆಲಸ ಮಾಡುತ್ತಿದ್ದರು, ಅಂದರೆ ಓದಿದವಳು ಪಾಸು.

ದೊಡ್ಡ ವಿಷಯ ಅದಲ್ಲ. ದೊಡ್ಡ ವಿಷಯ ಆ ಮೂರು ದಿನ.

ಮನೆಯಲ್ಲಿ ಮುಟ್ಟಾದರೆ ಹೊರಗೆ. ಕೊಟ್ಟಿಗೆ ಪಕ್ಕದ ಕೋಣೆ, ಬೇರೆ ಚಾಪೆ, ಬೇರೆ ತಟ್ಟೆ. ಉಪ್ಪಿನಕಾಯಿ ಮುಟ್ಟಿದರೆ ಕೆಡುತ್ತದೆ, ಎಲೆಬಳ್ಳಿ ಮುಟ್ಟಿದರೆ ಬಾಡುತ್ತದೆ. ಎಸೆಸೆಲ್ಸಿ ಗಣಿತ ಪರೀಕ್ಷೆಗೆ ನಾನು ಓದಿದ್ದು ಆ ಕೋಣೆಯಲ್ಲಿ, ಎಮ್ಮೆ ಉಸಿರಾಡುವ ಸದ್ದು ಕೇಳುತ್ತಾ. ಹೆಂಗಸರಿಗೆ ಮೂರು ದಿನ ವಿಶ್ರಾಂತಿ ಸಿಗಲಿ ಅಂತ ಹಿರಿಯರು ಮಾಡಿದ್ದು ಅಂತ ಈಗ ಬಹಳ ಜನ ಹೇಳುತ್ತಾರೆ. ನಮ್ಮ ಮನೆಯಲ್ಲಿ ಹೊರಗೆ ಕೂತವರ ಮುಂದೆ ಅಡಿಕೆ ರಾಶಿ ತಂದು ಹಾಕುತ್ತಿದ್ದರು, ಸುಲಿಯಲಿ ಅಂತ. ಅಡಿಕೆಗೆ ಯಾವ ಮೈಲಿಗೆಯೂ ಇರಲಿಲ್ಲ ನೋಡಿ. ಕ್ವಿಂಟಾಲಿಗೆ ರೇಟು ಇರುವ ವಸ್ತುವಿಗೆ ಮೈಲಿಗೆ ತಟ್ಟಿದ್ದನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

ಹಾಸ್ಟೆಲಿನಲ್ಲಿ ಹೊರಗೆ ಕೂರಲು ಹೊರಗೆ ಅನ್ನುವುದೇ ಇಲ್ಲ. ಅರವತ್ತು ಹುಡುಗಿಯರು, ಯಾವ ದಿನ ನೋಡಿದರೂ ಯಾರಾದರೂ ಮುಟ್ಟಾಗಿರುತ್ತಾರೆ, ಎಲ್ಲರೂ ಒಂದೇ ಮೆಸ್ಸಿನಲ್ಲಿ ಉಣ್ಣುತ್ತಾರೆ, ಉಪ್ಪಿನಕಾಯಿ ಭರಣಿಗೆ ಕೈ ಹಾಕುತ್ತಾರೆ. ಭರಣಿ ಖಾಲಿಯಾಗುತ್ತಿತ್ತೇ ಹೊರತು ಕೆಡುತ್ತಿರಲಿಲ್ಲ. ಎರಡನೇ ವರ್ಷದ ರಜೆಯಲ್ಲಿ ಊರಿಗೆ ಹೋದಾಗ ನಾನೊಂದು ಕಳ್ಳ ಪ್ರಯೋಗ ಮಾಡಿದೆ. ಅಡಿಕೆ ಮರಕ್ಕೆ ಹಬ್ಬಿಸಿದ್ದ ಎಲೆಬಳ್ಳಿಗಳಲ್ಲಿ ಒಂದಕ್ಕೆ ಕೆಂಪು ದಾರ ಕಟ್ಟಿ, ಮುಟ್ಟಾದ ಮೂರು ದಿನವೂ ಹೋಗಿ ಅದನ್ನು ಚೆನ್ನಾಗಿ ಮುಟ್ಟಿ ಬಂದೆ. ಪಕ್ಕದ ಬಳ್ಳಿಯನ್ನು ಮುಟ್ಟಲಿಲ್ಲ. ಹದಿನೈದು ದಿನ ಕಾದೆ. ಎರಡೂ ಒಂದೇ ಥರ ಇದ್ದವು. ದಾರ ಕಟ್ಟಿದ್ದು ಸ್ವಲ್ಪ ಜಾಸ್ತಿಯೇ ಚಿಗುರಿತ್ತು ಅಂತ ನನಗೆ ಅನ್ನಿಸಿತ್ತು, ಆದರೆ ಅದು ನನ್ನ ಖುಷಿ ಇರಬಹುದು. ಒಂದೇ ಬಳ್ಳಿಯಿಂದ ಏನೂ ಸಾಬೀತಾಗುವುದಿಲ್ಲ ಅಂತ ಆಮೇಲೆ ಕಲಿತೆ.

ತಡೆಯಲಾರದೆ ಅಮ್ಮನಿಗೆ ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ. ಅಮ್ಮ ಒಲೆಗೆ ಸೌದೆ ಒತ್ತುತ್ತಾ, ನನ್ನ ಕಡೆ ನೋಡದೆ, "ಬಾಡಲ್ಲ ಅಂತ ನಂಗೂ ಗೊತ್ತು ಮಾರಾಯ್ತಿ" ಅಂದಳು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಮನೆಯಲ್ಲಿ ಯಾರೂ ಇರಲಿಲ್ಲವಂತೆ. ನೆಂಟರು ಬಂದರು, ಎಲೆಅಡಿಕೆ ಕೊಡದೆ ಕಳಿಸುವ ಹಾಗಿಲ್ಲ. ಅಮ್ಮ ಹೊರಗೆ ಕೂತಿದ್ದವಳು ಎದ್ದು ಹೋಗಿ ಎಲೆ ಕೊಯ್ದು ತಂದಳು. "ಆ ಬಳ್ಳಿ ಆಮೇಲೂ ಎಷ್ಟೋ ವರ್ಷ ಇತ್ತು. ನಿನ್ನ ನಾಮಕರಣಕ್ಕೂ ಅದ್ರದ್ದೇ ಎಲೆ."

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ನಿಮ್ಮ ಅಜ್ಜಿಗಾ?"

ನನಗೆ ಆವತ್ತು ಅನ್ನಿಸಿದ್ದನ್ನು ಸರಿಯಾಗಿ ಹೇಳಲು ಇಷ್ಟು ವರ್ಷ ಬೇಕಾಯಿತು. ನಾನು ಓದಿ ಕಂಡುಹಿಡಿದೆ ಅಂದುಕೊಂಡಿದ್ದು ಅಮ್ಮನಿಗೆ ನಾನು ಹುಟ್ಟುವ ಮೊದಲೇ ಗೊತ್ತಿತ್ತು. ಅವಳಿಗೆ ಅನುಮಾನ ಇರಲಿಲ್ಲ ಅಂತ ಅಲ್ಲ. ಅನುಮಾನ ಇಟ್ಟುಕೊಳ್ಳಲು ಜಾಗ ಇರಲಿಲ್ಲ. ಬಾಯಿ ಬಿಟ್ಟರೆ ಅತ್ತೆ ಮನೆ, ಬಿಡದಿದ್ದರೂ ಅತ್ತೆ ಮನೆ. ನನಗೆ ಹಾಸ್ಟೆಲಿನಲ್ಲಿ ಒಂದು ಮಂಚ ಇತ್ತು, ಮುಂದೆ ಸಂಬಳ ಬಂತು, ಹಾಗಾಗಿ ನಾನು ಧೈರ್ಯವಂತೆ ಅನ್ನಿಸಿಕೊಂಡೆ. ಮುಟ್ಟಾದವರನ್ನು ಬಲವಂತವಾಗಿ ಹೊರಗಿಡುವುದು ಈಗ ಕಾನೂನಿನಲ್ಲೇ ತಪ್ಪು, ರಾಜ್ಯದ 2017ರ ಮೌಢ್ಯ ತಡೆ ಕಾಯ್ದೆಯ ಪಟ್ಟಿಯಲ್ಲಿ ಅದೂ ಇದೆ. ನಮ್ಮ ಮನೆಯಲ್ಲಿ ಅದು ನಿಂತದ್ದು ಕಾಯ್ದೆಯಿಂದಲ್ಲ, ಅಜ್ಜಿ ಹೋದ ಮೇಲೆ ಅಮ್ಮ ಆ ಕೋಣೆಗೆ ಗೊಬ್ಬರದ ಚೀಲ ತುಂಬಿಸಿದಳು. ಯಾರ ಹತ್ತಿರವೂ ಏನೂ ಹೇಳಲಿಲ್ಲ.

ಇದೆಲ್ಲ ಗೊತ್ತಿದ್ದೂ ನಾನು ಮಾಡಿದ ಒಂದು ದಡ್ಡತನ ಹೇಳುತ್ತೇನೆ. ಎಂಎಸ್ಸಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ ಮೊದಲ ವರ್ಷ. ಪ್ರಯೋಗ ಅಂದರೆ ಕಂಟ್ರೋಲ್ ಇರಬೇಕು, ಮದ್ದು ಕೊಟ್ಟ ಗುಂಪಿನ ಪಕ್ಕ ಕೊಡದ ಗುಂಪು ಇಟ್ಟು ನೋಡಬೇಕು, ನಾನು ಹೇಳಿದ್ದು ಸುಳ್ಳಾದರೆ ಅದು ಹೇಗೆ ಗೊತ್ತಾಗುತ್ತದೆ ಅಂತ ಮೊದಲೇ ಕೇಳಿಕೊಳ್ಳಬೇಕು. ಇದು ಹೊಸದಾಗಿ ತಲೆಗೆ ಹತ್ತಿತ್ತು. ಹೊಸ ಕತ್ತಿ ಸಿಕ್ಕ ಹುಡುಗನ ಹಾಗೆ ಕಂಡದ್ದನ್ನೆಲ್ಲ ಕಡಿಯುತ್ತಿದ್ದೆ. ಆ ವರ್ಷ ನಮ್ಮ ತೋಟಕ್ಕೆ ಕೊಳೆ ಅಷ್ಟಾಗಿ ಬಿದ್ದಿರಲಿಲ್ಲ. ಅಪ್ಪಯ್ಯ ಚೌಡಿಗೆ ಕೋಳಿ ಹರಕೆ ಹೇಳಿಕೊಂಡಿದ್ದರು, ತೀರಿಸುವ ದಿನ ನೆಂಟರೆಲ್ಲ ಬಂದಿದ್ದರು. ಊಟಕ್ಕೆ ಕೂತಾಗ ನಾನು, ಪಕ್ಕದ ಮನೆಯವರು ಹರಕೆ ಹೇಳದಿದ್ದರೂ ಅವರಿಗೂ ಕೊಳೆ ಬಿದ್ದಿಲ್ಲವಲ್ಲ, ಈ ವರ್ಷ ಮಳೆಯೇ ಕಡಿಮೆ, ಕೋಳಿ ಕೊಟ್ಟರೆ ಕೊಳೆ ತರುವ ಫೈಟಾಫ್ತೊರಾ ಸಾಯುತ್ತಾ ಅಂತ ಎಲ್ಲರ ಮುಂದೆ ಕೇಳಿದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಪ್ಪಯ್ಯ ಊಟ ನಿಲ್ಲಿಸಿ ಕೇಳಿದರು: "ನಾನು ಮದ್ದು ಹೊಡೆಯೋದು ಬಿಟ್ಟಿದೀನೇನೇ?"

ಅಷ್ಟೇ ಕೇಳಿದ್ದು. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅವರು ಹೋಗಿ ಆರು ವರ್ಷ ಆಯಿತು, ಆ ಪ್ರಶ್ನೆಗೆ ಉತ್ತರ ನಾನು ಕೊಡಲೇ ಇಲ್ಲ. ನಿಜಕ್ಕೂ ಅವರು ಒಂದು ವರ್ಷವೂ ಮದ್ದು ಬಿಟ್ಟವರಲ್ಲ. ಕೋಳಿಯನ್ನು ಮೈಲುತುತ್ತದ ಬದಲಿಗೆ ಕೊಟ್ಟಿರಲಿಲ್ಲ, ಅದರ ಜೊತೆಗೆ ಕೊಟ್ಟಿದ್ದರು. ಮದ್ದಿನ ಮೇಲೆ ಮಳೆ ಹೊಯ್ದರೆ ಮನುಷ್ಯ ಮಾಡುವುದೇನೂ ಉಳಿದಿರುವುದಿಲ್ಲ, ಮಾಳಿಗೆಯಲ್ಲಿ ಮಲಗಿ ಹೆಂಚಿನ ಮೇಲೆ ಬೀಳುವ ಮಳೆ ಕೇಳಬೇಕು. ಆ ಹೊತ್ತಿಗೆ ಅವರಿಗೆ ಚೌಡಿ ಬೇಕಿತ್ತು. ಆ ಜಾಗಕ್ಕೆ ನನ್ನ ಹತ್ತಿರ ಕೊಡಲು ಬೇರೆ ಏನೂ ಇರಲಿಲ್ಲ, ಈಗಲೂ ಇಲ್ಲ.

ಜೊತೆಗೆ ಬರುವ ನಂಬಿಕೆ ಬೇರೆ, ಬದಲಿಗೆ ಬಂದು ಕೂರುವ ನಂಬಿಕೆ ಬೇರೆ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಮಂಗನ ಕಾಯಿಲೆ ಸಮಯದಲ್ಲಿ. 1957ರಲ್ಲಿ ನಮ್ಮ ಜಿಲ್ಲೆಯದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಗೊತ್ತಾದ ಕಾಯಿಲೆ, ಅದಕ್ಕೇ ಜಗತ್ತಿನ ಪುಸ್ತಕಗಳಲ್ಲೆಲ್ಲ ಕ್ಯಾಸನೂರಿನ ಹೆಸರಿದೆ. ಹರಡುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಬೇರೆ ರಕ್ತ ಹುಡುಕುತ್ತವೆ. ಹಾಗಾಗಿ ಸತ್ತ ಮಂಗನ ಹತ್ತಿರ ಹೋಗುವಷ್ಟು ಅಪಾಯ ಇನ್ನೊಂದಿಲ್ಲ. ನಮ್ಮಲ್ಲಿ ಸತ್ತ ಮಂಗ ಅಂದರೆ ಹನುಮಂತ. ಅರಿಸಿನ ಕುಂಕುಮ ಹಚ್ಚಿ, ಬಟ್ಟೆ ಹೊದಿಸಿ, ಹೊತ್ತುಕೊಂಡು ಹೋಗಿ ಮಣ್ಣು ಮಾಡುವುದು ಪದ್ಧತಿ. ಎಷ್ಟು ಒಳ್ಳೆಯ ಪದ್ಧತಿ, ಮತ್ತು ಎಷ್ಟು ಕೆಟ್ಟ ಕಾಂಬಿನೇಷನ್ನು.

2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಕಾಯಿಲೆ ಜೋರಾಗಿ ಜನ ಸತ್ತರು. ಸಾಗರದ ಕಡೆಯೇ ಇರುವ ನನ್ನ ಸೋದರಮಾವನ ಊರಿನಲ್ಲೂ ಒಂದು ಮಂಗ ಸತ್ತು ಬಿತ್ತು. ಆರೋಗ್ಯ ಇಲಾಖೆಯವರು ಬಂದು ಸುತ್ತ 50 ಅಡಿ ಪುಡಿ ಹೊಡೆದು ಯಾರೂ ಹೋಗಬಾರದು ಅಂದರು. ಊರಲ್ಲಿ ಗುಸುಗುಸು, ಹನುಮಂತನನ್ನು ಅನಾಥ ಹೆಣ ಮಾಡ್ತಾರೆ ಅಂತ. ಆಗ ಊರಿನ ಹಿರಿಯರೊಬ್ಬರು ಊದುಬತ್ತಿ, ಕಾಯಿ ಹಿಡಿದುಕೊಂಡು ಬಂದು ಪುಡಿಯ ಗೆರೆ ಹತ್ತಿರವೇ ನಿಂತರು. ಲಂಕೆಗೆ ಹಾರಿದವನಿಗೆ 50 ಅಡಿ ಯಾವ ಲೆಕ್ಕ, ಇಲ್ಲಿಂದಲೇ ಮುಗಿದರೆ ಮುಟ್ತದೆ ಅಂದರು. ಎಲ್ಲರೂ ಅಲ್ಲೇ ನಿಂತು ಕೈ ಮುಗಿದರು. ಇಲಾಖೆಯವರು ಮುಂದಿನ ಕೆಲಸ ಮಾಡಿದರು. ಆಮೇಲೆ ಮಾವ ಹೇಳಿದ್ದು, ಆ ಮಾತು ಆ ಹಿರಿಯರ ಮೊಮ್ಮಗಳದ್ದಂತೆ. ನರ್ಸಿಂಗ್ ಓದುತ್ತಿದ್ದ ಹುಡುಗಿ ಹಿಂದಿನ ರಾತ್ರಿ ಕೂತು ಅಜ್ಜನಿಗೆ ಉಣುಗಿನ ಕತೆಯನ್ನೆಲ್ಲ ಹೇಳಿ, ಲಂಕೆಯನ್ನೂ ಅವಳೇ ಸೇರಿಸಿ ಕೊಟ್ಟಿದ್ದಳು. ಅವಳೇ ಬಂದು ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ ಅಂತ ಅವಳಿಗೆ ಗೊತ್ತಿತ್ತು. ನಾನು ಹರಕೆ ಊಟದಲ್ಲಿ ಮಾಡಿದ್ದಕ್ಕಿಂತ ಎಷ್ಟೋ ಬುದ್ಧಿವಂತ ಕೆಲಸ ಅದು. ನಂಬಿಕೆ ಎಲ್ಲೂ ಹೋಗಲಿಲ್ಲ, 50 ಅಡಿ ಹಿಂದೆ ಸರಿದು ನಿಂತಿತು.

ಹಾಗಂತ ಓದಿದವರೆಲ್ಲ ಹೀಗೇ ಅಂತ ಅಲ್ಲ. ಪದವಿ ಬೇರೆ, ಯೋಚನೆ ಬೇರೆ. ನನ್ನ ತಂಗಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿದೆಯಾ, ಕಾಸರಗೋಡು ಕಡೆ ಬಳೆ ಥರ ಕಂಡಿತ್ತಲ್ಲ, ಆಗ ಅವಳು ಏಳು ತಿಂಗಳ ಬಸುರಿ, ಊರಿಗೆ ಬಂದಿದ್ದಳು. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಕಿಟಕಿಗೆಲ್ಲ ಬಟ್ಟೆ ಹಾಕಿ ಒಳಗೆ ಕೂತಳು, ನೀರೂ ಕುಡಿಯಲಿಲ್ಲ. ನಾನು ರೇಗಿಸಿದೆ. ಕೋಡ್ ಬರೆಯುವಾಗ ಒಂದು ಅಲ್ಪವಿರಾಮ ತಪ್ಪಿದರೂ ಹುಡುಕಿ ತೆಗೆಯುವವಳು ನೀನು, ನೆರಳು ಬಿದ್ದರೆ ಮಗುವಿಗೆ ಏನಾಗುತ್ತದೆ ಅಂತ ಒಂದು ಸಲ ಯೋಚಿಸಬಾರದಾ ಅಂತ. ಅವಳು ಕತ್ತಲೆಯಿಂದಲೇ ಹೇಳಿದಳು: "ಅಕ್ಕಾ, ಏನೂ ಆಗಲ್ಲ ಅಂತ ನಂಗೊತ್ತು. ಆದ್ರೆ ಬೇರೆ ಯಾವ ಕಾರಣಕ್ಕೋ ಮಗುಗೆ ಏನಾದ್ರೂ ಆದ್ರೆ, ಆವತ್ತು ಹೊರಗೆ ಹೋಗಿದ್ಲು ಅಂತ ಜೀವಮಾನ ಪೂರ್ತಿ ಹೇಳ್ತಾರೆ. ಅದನ್ನ ನೀನು ಹೊತ್ಕೊಳ್ತೀಯಾ?"

ಇಲ್ಲ, ಹೊತ್ತುಕೊಳ್ಳುವುದಿಲ್ಲ. ಸುಮ್ಮನಾದೆ. ಮೂವತ್ತು ವರ್ಷದ ಹಿಂದೆ ಬಾಡಿಗೆ ಮನೆಯ ಮೇಷ್ಟ್ರು ಹೇಳಿದ್ದೂ ಇದನ್ನೇ ಅಲ್ವಾ?

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದವರು ನಮ್ಮ ದೇಶದಲ್ಲಿ ಸುಮಾರು 30,000 ಜನರನ್ನು ಮಾತಾಡಿಸಿ 2021ರಲ್ಲಿ ಒಂದು ವರದಿ ತಂದರು. ನೂರಕ್ಕೆ 97 ಜನ ದೇವರಿದ್ದಾನೆ ಅಂದಿದ್ದಾರೆ. ಕರ್ಮದಲ್ಲಿ ನಂಬಿಕೆ ಇದೆ ಅಂದವರು ಹಿಂದೂಗಳಲ್ಲಿ ನೂರಕ್ಕೆ 77, ಮುಸ್ಲಿಮರಲ್ಲೂ ಅಷ್ಟೇ 77. ಇದನ್ನು ಓದಿದಾಗ ಹಾಸ್ಟೆಲಿನ ಭದ್ರಾವತಿ ಗೆಳತಿ ನೆನಪಾದಳು, ಅವಳೂ ಮಾರ್ಕ್ಸು ಕಡಿಮೆ ಬಂದರೆ ನನ್ನ ಕರ್ಮ ಅಂತಲೇ ಹಣೆ ಚಚ್ಚಿಕೊಳ್ಳುತ್ತಿದ್ದಳು. ಆದರೆ ಆ 97ರಲ್ಲಿ ನನ್ನ ಅಮ್ಮನಂಥವರು ಎಷ್ಟು, ತಂಗಿಯಂಥವರು ಎಷ್ಟು ಅಂತ ಯಾವ ಪ್ರಶ್ನಾವಳಿಯಿಂದ ತಿಳಿಯುತ್ತದೆ? ಇಸ್ರೋದವರು ರಾಕೆಟ್ಟಿನ ಪುಟ್ಟ ಮಾದರಿ ತೆಗೆದುಕೊಂಡು ತಿರುಪತಿಗೆ ಹೋದಾಗಲೆಲ್ಲ ಜನ ಎರಡು ಗುಂಪಾಗಿ ಕಚ್ಚಾಡುತ್ತಾರೆ. ನಮ್ಮ ಲ್ಯಾಬಿನಲ್ಲಿ ಆಯುಧಪೂಜೆಗೆ ಸೆಂಟ್ರಿಫ್ಯೂಜಿಗೆ, ಅಂದರೆ ಟ್ಯೂಬುಗಳನ್ನು ಗಿರಗಿರ ತಿರುಗಿಸುವ ಮೆಷಿನ್ನಿಗೆ, ಕುಂಕುಮ ಹಚ್ಚುತ್ತೇವೆ, ಹಚ್ಚುವವಳು ನಾನೇ. ಮಾರನೇ ದಿನ ಬ್ಯಾಲೆನ್ಸ್ ಮಾಡದೆ ಅದನ್ನು ತಿರುಗಿಸಿದರೆ ಹುಡುಗರಿಗೆ ಬೈಯುವವಳೂ ನಾನೇ. ರಾಕೆಟ್ಟಿನ ಲೆಕ್ಕವನ್ನು ತಿರುಪತಿಗೆ ಬಿಡದಿರುವವರೆಗೆ ನನಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ. ಇದು ಅಪ್ಪಯ್ಯನ ವಾದವೇ, ತಡವಾಗಿ ಒಪ್ಪಿಕೊಂಡೆ.

ಹೆಚ್ಚು ಓದಿದರೆ ಧರ್ಮ ಹಾಳಾಗುತ್ತದೆ ಅನ್ನುವವರನ್ನು ನಾನು ಒಂದು ಸಲ ಬಳ್ಳಿಗಾವಿಗೆ ಕರೆದುಕೊಂಡು ಹೋಗಬೇಕು ಅಂದುಕೊಳ್ಳುತ್ತೇನೆ. ಶಿಕಾರಿಪುರದ ಪಕ್ಕ, ಅಲ್ಲಮನ ಊರು ಅಂತ ಹೇಳುವ ಜಾಗ. ಅಲ್ಲಿ ಕೋಡಿಮಠ ಅಂತ ಒಂದು ಶೈವ ಮಠ ಇತ್ತು. 1162ರ ಶಾಸನ ಅದನ್ನು ವರ್ಣಿಸುತ್ತದೆ. ವೇದ, ವ್ಯಾಕರಣ, ಯೋಗ, ಪುರಾಣ ಎಲ್ಲ ಹೇಳಿಕೊಡುತ್ತಿದ್ದರು, ಅದು ಸರಿ, ಮಠ ಅಂದಮೇಲೆ ಇರಬೇಕಾದ್ದೇ. ಆದರೆ ಅದೇ ಸಾಲಿನಲ್ಲಿ ನ್ಯಾಯ, ಸಾಂಖ್ಯದ ಜೊತೆ ಬೌದ್ಧ ದರ್ಶನವೂ ಇದೆ. ಶಿವನ ಮಠದಲ್ಲಿ ಕೂತು, ಲೋಕವನ್ನು ಮಾಡಿದ ದೇವರು ಬೇಕಾಗಿಲ್ಲ ಅನ್ನುವವರ ವಾದವನ್ನು ಮಕ್ಕಳಿಗೆ ಬಿಡಿಸಿ ಹೇಳುತ್ತಿದ್ದರು, ಊಟ ಹಾಕಿ. ಬಡವರಿಗೆ ಅನ್ನ, ರೋಗಿಗಳಿಗೆ ಔಷಧಿ ಕೊಡುವ ಜಾಗವೂ ಅದೇ ಅಂತ ಶಾಸನ ಹೇಳುತ್ತದೆ. ನಾನು ಅಲ್ಲಿಗೆ ಮೊದಲ ಸಲ ಹೋದದ್ದು ಕಾಲೇಜು ಟ್ರಿಪ್ಪಿನಲ್ಲಿ, ಆಗ ಫೋಟೋ ತೆಗೆಸಿಕೊಂಡು ಬಂದಿದ್ದಷ್ಟೇ. ಶಾಸನದ ವಿಷಯ ತಿಳಿದ ಮೇಲೆ ಇನ್ನೊಂದು ಸಲ ಹೋದಾಗ ಬಹಳ ಹೊತ್ತು ಸುಮ್ನೆ ಕೂತಿದ್ದೆ. ಅಂಥ ಜಾಗದಲ್ಲಿ ಯಾರೂ ಯಾರಿಗೂ ಮನೇಲಿ ಹೇಳ್ಬೇಡಿ ಅನ್ನುತ್ತಿರಲಿಲ್ಲ ಅಂತ ಅನ್ನಿಸಿತು. ಅನ್ನುತ್ತಿದ್ದರೇನೋ, ಶಾಸನದಲ್ಲಿ ಅದನ್ನೆಲ್ಲ ಕೆತ್ತುವುದಿಲ್ಲವಲ್ಲ.

ಕುವೆಂಪು ಅವರ ವಿಷಯದಲ್ಲೂ ನನ್ನ ವಿದ್ಯಾರ್ಥಿಗಳು ಗೊಂದಲ ಮಾಡಿಕೊಳ್ಳುತ್ತಾರೆ. ಪುರೋಹಿತರನ್ನು ಬಿಡಿ, ಬುದ್ಧಿ ಉಪಯೋಗಿಸಿ ಅಂತ ಯುವಕರಿಗೆ ಹೇಳಿದವರು ಅವರು. ಖರ್ಚಿಲ್ಲದ, ಪುರೋಹಿತರಿಲ್ಲದ ಮಂತ್ರ ಮಾಂಗಲ್ಯದ ಮದುವೆಯನ್ನು 1966ರಲ್ಲಿ ಮಗ ತೇಜಸ್ವಿಯಿಂದಲೇ ಶುರು ಮಾಡಿದರು. ಅದೇ ಕುವೆಂಪು 1929ರಲ್ಲಿ ಕಲ್ಕತ್ತೆಗೆ ಹೋಗಿ ರಾಮಕೃಷ್ಣ ಸಂಘದ ಬೇಲೂರು ಮಠದಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆ ತೆಗೆದುಕೊಂಡವರು. ಮೇಡಂ, ಅವರು ಯಾವ ಕಡೆ ಅಂತ ಕೇಳುತ್ತಾರೆ. ಕಡೆ ಅಂತ ಯಾಕೆ ಇರಬೇಕು ಅಂತ ನಾನು ಕೇಳುತ್ತೇನೆ. ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದ್ದರು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರಜೆಗಳ ಕರ್ತವ್ಯ ಅಂತ ಸಂವಿಧಾನಕ್ಕೆ ಸೇರಿದ್ದೂ ಅದೇ ವರ್ಷದ 42ನೇ ತಿದ್ದುಪಡಿಯಲ್ಲಿ. ಕುಲಪತಿಗೆ ಅಂಥ ಸಮಿತಿ ಮಾಡುವ ಕುರ್ಚಿ ಇತ್ತು. ನಮ್ಮ ಮೇಷ್ಟ್ರಿಗೆ ಒಂದು ಸೈಕಲ್ ಇತ್ತು.

ನನ್ನದು ಏನಾಯಿತು ಅಂತ ಹೇಳಲಿಲ್ಲ ಅಲ್ವಾ. ಮೈಲಿಗೆ ಬಿಟ್ಟಿದ್ದೇನೆ, ಪೂರ್ತಿ. ರಾಹುಕಾಲ, ಜಾತಕ, ದೃಷ್ಟಿ ಬಿಟ್ಟು ಎಷ್ಟೋ ವರ್ಷ ಆಯಿತು. ಚೌಡಿ ಹತ್ತಿರ ಏನನ್ನೂ ಕೇಳುವುದಿಲ್ಲ, ಕೇಳಿದರೆ ಸಿಗುತ್ತದೆ ಅಂತ ಅನ್ನಿಸುವುದಿಲ್ಲ. ಆದರೂ ಊರಿಗೆ ಹೋದರೆ ಅಲ್ಲಿಗೆ ಹೋಗದೆ ಬಂದದ್ದಿಲ್ಲ. ಒಂದನ್ನು ಕಳೆದುಕೊಂಡಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಚಿಕ್ಕವಳಿದ್ದಾಗ ಕತ್ತಲಾದ ಮೇಲೆ ತೋಟ ದಾಟಿ ಬರುವಾಗ ಚೌಡಮ್ಮಾ ಚೌಡಮ್ಮಾ ಅಂದುಕೊಂಡು ನಡೆದರೆ ಹೆದರಿಕೆಯೇ ಆಗುತ್ತಿರಲಿಲ್ಲ. ಈಗ ದೆವ್ವ ಇಲ್ಲ ಅಂತ ಚೆನ್ನಾಗಿ ಗೊತ್ತು, ಕೈಯಲ್ಲಿ ಮೊಬೈಲ್ ಟಾರ್ಚೂ ಇದೆ, ಆದರೆ ಕಾಯುವವಳೂ ಇಲ್ಲವಲ್ಲ, ಜೋರಾಗಿ ಹೆಜ್ಜೆ ಹಾಕುತ್ತೇನೆ.

ಮೊನ್ನೆಯ ಮದ್ದಿನ ದಿನ ಕೆಲಸ ಮುಗಿಯುವಾಗ ಸಂಜೆ ಆಯಿತು. ಅಣ್ಣನ ಮಗನಿಗೆ ಬೆಳಗ್ಗೆ ಅಪ್ಪಯ್ಯನ ಕತ್ತಿ ಅದ್ದುವುದನ್ನು ತೋರಿಸಿ, ಕೆಂಪಾದರೆ ಏನು, ಆಗದಿದ್ದರೆ ಏನು ಅಂತ ಹೇಳಿದ್ದೆ. ಅದು ಅವನ ತಲೆಯಲ್ಲೇ ಕೊರೆಯುತ್ತಿತ್ತು ಅಂತ ಕಾಣುತ್ತದೆ. ರಾತ್ರಿ ಎಲ್ಲರೂ ಹಲಸಿನ ಹಣ್ಣಿನ ಕಡುಬು ತಿನ್ನುತ್ತಾ ಕೂತಾಗ ಶುರು ಮಾಡಿದ.

"ಅಜ್ಜಿ, ಈ ಸಲ ಹಿಂಗೆ ಮಾಡಾಣ. ಮದ್ದು ಎಲ್ಲದಕ್ಕೂ ಹೊಡೆದಾಗಿದೆ. ಹರಕೆ ಮಾತ್ರ ಮೇಲಿನ ಅರ್ಧ ತೋಟಕ್ಕೆ ಹೇಳಾಣ, ಕೆಳಗಿನ ಅರ್ಧಕ್ಕೆ ಬೇಡ. ಎಲ್ಲಿ ಕೊಳೆ ಜಾಸ್ತಿ ಬೀಳ್ತದೆ ಅಂತ ಲೆಕ್ಕ ಇಡ್ತೀನಿ."

ನಾನು ಅಮ್ಮನ ಮುಖ ನೋಡಿದೆ. ಅಮ್ಮ ಸಿಟ್ಟಾಗಲಿಲ್ಲ. "ಚೌಡಿ ಏನು ಬೇಲಿ ನೋಡ್ಕೊಂಡು ಕಾಯ್ತಾಳನಾ? ಮೇಲಿನ ತೋಟ ಕಾಯೋಳು ಕೆಳಗಿಂದನ್ನೂ ಕಾಯ್ತಾಳೆ. ನಿನ್ನ ಲೆಕ್ಕ ಏನಾಯ್ತು?" ಅಂದಳು. ಇದು ಸರಿಯಾದ ಆಕ್ಷೇಪ. ನನ್ನ ಡಿಗ್ರಿ ಹುಡುಗರಿಗೂ ಇಷ್ಟು ಬೇಗ ಹೊಳೆಯುವುದಿಲ್ಲ.

ಅವನು ಬಿಡಲಿಲ್ಲ. ಹಂಗಾದ್ರೆ ಬೇರೆಯೇ ತೋಟ ಬೇಕು ಅಂದ.

"ಬೇಕಾದ್ರೆ ನಿಮ್ಮ ಅತ್ತೆ ಪಾಲಿನ ತೋಟದಲ್ಲಿ ಮಾಡ್ಕ ಹೋಗು" ಅಂದಳು ಅಮ್ಮ, ಅವನ ತಟ್ಟೆಗೆ ಇನ್ನೊಂದು ಕಡುಬು ಹಾಕುತ್ತಾ.

ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲಿ ಕಾನೂನು ಬಂತು. ನಮ್ಮ ಮನೆಯಲ್ಲಿ ಆ ಮಾತನ್ನು ಇದುವರೆಗೆ ಯಾರೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಅಣ್ಣ ಕಡುಬಿಗೆ ಇನ್ನಷ್ಟು ತುಪ್ಪ ಹಾಕಿಕೊಂಡ.